ಹುಣಸೆಹಣ್ಣು ಕಟ್ಟಿಕೊಂಡು ಚೀನಾಕ್ಕೆ

ಚಾಮರಾಜನಗರ

ಚೀನಾಕ್ಕೆ ಹೋಗಿ ಬಂದವರು ಅಲ್ಲಿಯ ದೊಡ್ಡ ಗೋಡೆ ನೋಡಿ ಬಂದೆವು ಎನ್ನುತ್ತಾರೆ. ನಾನು ನೋಡಿ ಬಂದದ್ದು ಒಂದು ಸ್ಟೀಲ್ ತಟ್ಟೆಯನ್ನು. ಆ ತಟ್ಟೆಯೂ ಅಲ್ಲಿಯದಲ್ಲ, ಊರಿನಿಂದ ನಾನೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋದದ್ದು.

ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಸ್ಲೇಟು ಕೆಳಗಿಟ್ಟವನ ಕೈಗೆ ನಮ್ಮಪ್ಪ ಉಳಿ ಕೊಟ್ಟರು. ಅಂದಿನಿಂದ ನನ್ನ ಕೆಲಸ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು. ಮೊದಲು ಉಳಿ ಸುತ್ತಿಗೆ, ಆಮೇಲೆ ಕರೆಂಟಿನ ಪೆನ್ನು. ಮದುವೆಗೆ ಕೊಟ್ಟ ಕೊಳದಪ್ಪಲೆ, ಸೀಮಂತದ ತಟ್ಟೆ, ಸತ್ತವರ ನೆನಪಿಗೆ ದೇವಸ್ಥಾನಕ್ಕೋ ಮಸೀದಿಗೋ ಕೊಡುವ ಹಂಡೆ, ಯಾವುದಾದರೂ ಸರಿ, ಹೆಸರು ಬೀಳದೆ ಮನೆ ಸೇರುವುದಿಲ್ಲ. ಚಂದಕವಾಡಿ ಕಡೆಯ ಎಷ್ಟೋ ಮನೆಗಳ ಅಡುಗೆಮನೆಗೆ ನಾನು ಕಾಲಿಟ್ಟಿಲ್ಲ, ಆದರೆ ಅಲ್ಲಿಯ ಲೋಟ ಲೋಟವೂ ನನ್ನ ಅಕ್ಷರ ಹೊತ್ತಿದೆ. ಅಣ್ಣತಮ್ಮಂದಿರು ಪಾಲಾಗುವಾಗ ಯಾವ ಪಾತ್ರೆ ಯಾರ ಹೆಂಡತಿಯ ತವರಿನದು ಎಂದು ಜಗಳ ಬಂದರೆ, ಪಂಚಾಯಿತಿಯವರು ಪಾತ್ರೆಯನ್ನು ಬೆಳಕಿಗೆ ಹಿಡಿದು ನನ್ನ ಅಕ್ಷರ ಓದಿ ತೀರ್ಮಾನ ಹೇಳುತ್ತಿದ್ದರು.

ಎರಡು ಸಾವಿರದ ಒಂಬತ್ತರ ಹೊತ್ತಿಗೆ ಅಂಗಡಿ ಬಡಕಲಾಗಿತ್ತು. ನನ್ನ ಮಗ ರಫೀಕ್ ಅದನ್ನು ಮುಚ್ಚಿ, ಮೊಬೈಲ್ ಕರೆನ್ಸಿ ಹಾಕುವ ಒಬ್ಬನಿಗೆ ಜಾಗ ಬಿಟ್ಟುಕೊಡುವ ಮಾತಾಡಿದ್ದ. ಅವನ ಮಗಳು ಮುಬೀನಾ ಅಡ್ಡ ನಿಂತಳು. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿದವಳು, ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲನೆಯವಳು. ಅವಳ ಫಲಿತಾಂಶ ಬಂದ ದಿನ ನಾನು ಬಜಾರಿನಲ್ಲಿ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಸಕ್ಕರೆ ಹಂಚಿದ್ದೆ. ಫೈಬರ್ ಲೇಸರ್ ಮಾರ್ಕಿಂಗ್ ಮೆಷಿನ್ ಅಂತ ಒಂದು ಬಂದಿದೆ, ಬೆಳಕಿನಿಂದಲೇ ಲೋಹದ ಮೇಲೆ ಬರೆಯುತ್ತದೆ, ಅದನ್ನು ತಂದು ಅಂಗಡಿ ನಾನೇ ನಡೆಸುತ್ತೇನೆ ಎಂದಳು. ಹೆಣ್ಣುಮಗಳು ಬಜಾರಿನಲ್ಲಿ ಕೂರುವುದೇ ಎಂದು ರಫೀಕ್ ಎರಡು ದಿನ ಊಟ ಬಿಟ್ಟ. ಕೊನೆಗೆ ಒಂದು ಮಾತು ಹೇಳಿದ: ಅಬ್ಬಾ ಹೋಗಿ ಕಣ್ಣಾರೆ ನೋಡಲಿ, ಅವರು ಮೆಷಿನ್ ಒಳ್ಳೆಯದು ಅಂದರೆ ಅಂಗಡಿ ಅವಳದು; ಅಲ್ಲ ಅಂದರೆ ಮೊಬೈಲಿನವನದು.

ಹೀಗೆ ಒಂದು ಹುಡುಗಿಯ ಬದುಕು ನನ್ನ ನಾಲಗೆಯ ಮೇಲೆ ಬಂದು ಕೂತಿತು.

ದಾರಿ ತೋರಿಸಿದವರು ಗುಂಡ್ಲುಪೇಟೆಯ ಪಾತ್ರೆ ಅಂಗಡಿಯ ಮಹದೇವಪ್ಪನವರು. ಶಿವಭಕ್ತರು, ಹಣೆ ತುಂಬ ವಿಭೂತಿ. ಅವರ ಅಂಗಡಿಯ ಪಾತ್ರೆಗಳು ಮೂವತ್ತು ವರ್ಷದಿಂದ ನನ್ನಲ್ಲಿಗೇ ಹೆಸರಿಗೆ ಬರುತ್ತಿದ್ದವು. ಫ್ಲಾಸ್ಕು, ಡಬ್ಬಿ ನೋಡಲು ಅವರು ಒಮ್ಮೆ ಚೀನಾಕ್ಕೆ ಹೋಗಿ ಬಂದಿದ್ದರು. ಈ ಸಲ ಮುಬೀನಾಳನ್ನೂ ನನ್ನನ್ನೂ ಜೊತೆಗೆ ಕರೆದರು. ನಾನು ಚೀಲಕ್ಕೆ ತಟ್ಟೆಯ ಜೊತೆ ಒಂದು ಹಿಡಿ ಹುಣಸೆಹಣ್ಣು, ಒಂದು ಉಂಡೆ ತೆಂಗಿನ ನಾರು, ಒಂದು ಪೊಟ್ಟಣ ಒಲೆಬೂದಿ ಹಾಕಿಕೊಂಡೆ. ನಮ್ಮ ಹೆಂಗಸರು ಪಾತ್ರೆ ಬೆಳಗುವುದು ಅದರಲ್ಲೇ. ಅವರ ಕೈಯಲ್ಲಿ ಉಳಿಯದ ಹೆಸರು ಎಲ್ಲೂ ಉಳಿಯುವುದಿಲ್ಲ.

ಗಡಿಯಲ್ಲಿ

ಹಾಂಗ್‌ಕಾಂಗಿನಲ್ಲಿ ವಿಮಾನ ಇಳಿದು, ಅಲ್ಲಿಂದ ಶೆನ್‌ಜೆನ್ ಎಂಬ ಊರಿಗೆ ಬಸ್ಸಿನಲ್ಲಿ ಗಡಿ ದಾಟಬೇಕು. ವಿಮಾನದಲ್ಲಿ ನನಗೆ ಹಿಡಿಸಲಾರದಷ್ಟು ಸಂತೋಷ. ಪಕ್ಕದಲ್ಲಿ ಕೂತಿದ್ದ ಯಾರೋ ತಮಿಳರಿಗೆ, ಇವಳು ನನ್ನ ಮೊಮ್ಮಗಳು, ಮೆಷಿನ್ ನೋಡೋಕೆ ಹೊರಟಿದ್ದಾಳೆ ಎಂದು ಮೂರು ಸಲ ಹೇಳಿದೆನಂತೆ. ಅವರು ಕೊನೆಗೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದರು.

ಗಡಿಯಲ್ಲಿ ಆ ಉಬ್ಬರ ಇಳಿಯಿತು. ಕೈಗವಸು ಹಾಕಿದ ಅಧಿಕಾರಿ ನನ್ನ ಬೂದಿಯ ಪೊಟ್ಟಣ ಬಿಚ್ಚಿ, ಮೂಸಿ, ಇನ್ನಿಬ್ಬರನ್ನು ಕರೆದ. ಮೂವರೂ ಮೂಸಿದರು. ಮುಬೀನಾ ಇಂಗ್ಲಿಷಿನಲ್ಲಿ ಏನೇನೋ ಹೇಳಿ, ಗಾಳಿಯಲ್ಲಿ ತಟ್ಟೆ ಉಜ್ಜಿ ತೋರಿಸಿದಳು. ತಟ್ಟೆ ತೊಳೆಯಲು ಒಬ್ಬ ಮುದುಕ ದೇಶ ದಾಟಿಸಿ ಬೂದಿ ತರುತ್ತಾನೆಂದು ಅವರು ನಂಬಲಿಲ್ಲ. ಅರ್ಧ ಗಂಟೆ ನಿಲ್ಲಿಸಿ, ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿ ಕಳಿಸಿದರು. ಹುಣಸೆಹಣ್ಣನ್ನು ಮಾತ್ರ ಯಾವುದೋ ಮಿಠಾಯಿ ಅಂದುಕೊಂಡರೋ ಏನೋ, ಬಿಟ್ಟರು.

ನಮ್ಮ ಹಿಂದೆ ಇದ್ದ ಮಹದೇವಪ್ಪನವರ ಚೀಲದಲ್ಲಿ ವಿಭೂತಿಯ ಡಬ್ಬಿ ಸಿಕ್ಕಿತು. ಅವರು ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡು ನಿಂತರು. ಅಧಿಕಾರಿ ತಲೆಬಾಗಿ ಡಬ್ಬಿ ವಾಪಸು ಕೊಟ್ಟ.

"ನೀವೂ ಅಣೆಗೆ ಬಳ್ಕೊಂಡಿದ್ರೆ ಬುಟ್ಬುಡೋರು ಕಣ ಸಾಬ್ರೇ" ಎಂದರು ಹೊರಗೆ ಬಂದ ಮೇಲೆ.

ಆ ಪ್ರವಾಸದಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ.

ಶೆನ್‌ಜೆನ್, ಮೊದಲ ದಿನ

ಅಲ್ಲಿ ಮಳೆ ಬೀಳುವುದಿಲ್ಲ, ಮಳೆ ನಿಂತಿರುತ್ತದೆ. ಬೆಳಗ್ಗೆ ಎದ್ದರೂ ಬೂದು, ಮಧ್ಯಾಹ್ನವೂ ಬೂದು. ಇದ್ದ ಮೂರು ದಿನದಲ್ಲಿ ಸೂರ್ಯನ ಮುಖ ಕಾಣಲಿಲ್ಲ. ನಮಾಜಿಗೆ ಪಶ್ಚಿಮ ಯಾವ ಕಡೆ ಎಂದು ತಿಳಿಯದೆ ಹೋಟೆಲಿನವನನ್ನು ಸನ್ನೆಯಲ್ಲಿ ಕೇಳಿದೆ. ಅವನು ಮೆಟ್ಟಿಲು ತೋರಿಸಿದ.

ಊಟದ್ದು ಇನ್ನೊಂದು ಪಾಡು. ಅವರ ತಟ್ಟೆಯಲ್ಲಿರುವುದು ಮಹದೇವಪ್ಪನವರಿಗೆ ನಿಷಿದ್ಧ, ನನಗೂ ನಿಷಿದ್ಧ. ಕಾರಣಗಳು ಬೇರೆ ಬೇರೆ, ಹೊಟ್ಟೆ ಎರಡೂ ಖಾಲಿ. ಇಬ್ಬರೂ ಮುಬೀನಾಳ ಡಬ್ಬಿಯ ಅವಲಕ್ಕಿ, ಚಟ್ನಿಪುಡಿಯನ್ನು ಒಂದೇ ಕಾಗದದಲ್ಲಿ ಹಂಚಿಕೊಂಡೆವು. ಊರಿನಲ್ಲಿ ಮೂವತ್ತು ವರ್ಷ ಚಹಾ ಬಿಟ್ಟು ಬೇರೇನೂ ಒಟ್ಟಿಗೆ ತಿಂದವರಲ್ಲ.

ಕಾರ್ಖಾನೆ ಊರ ಹೊರಗಿತ್ತು. ನಮ್ಮನ್ನು ಕರೆದೊಯ್ದ ಹುಡುಗಿ ತನ್ನ ಹೆಸರು ಲಿಲಿ ಎಂದಳು. ನಿಜವಾದ ಹೆಸರು ಬೇರೆ, ಹೊರಗಿನವರ ಬಾಯಿಗೆ ಬರುವುದಿಲ್ಲವೆಂದು ಇದನ್ನು ಇಟ್ಟುಕೊಂಡಿದ್ದಳಂತೆ. ಅವಳು ನಮಗೆ ಕುಡಿಯಲು ಬರಿಯ ಬಿಸಿನೀರು ಕೊಟ್ಟಳು. ಅಲ್ಲಿ ಎಲ್ಲರೂ ಅದನ್ನೇ ಕುಡಿಯುತ್ತಾರೆ, ಜ್ವರ ಬಂದವರ ಹಾಗೆ. ಗೋಡೆಯ ಗೂಡುಗಳಲ್ಲಿ ಕೆಲಸದವರ ಸ್ಟೀಲ್ ಊಟದ ಡಬ್ಬಿಗಳು ಸಾಲಾಗಿದ್ದವು, ನೂರು ಇರಬಹುದು, ಎಲ್ಲವೂ ಒಂದೇ ಥರ. ಒಂದರ ಮೇಲೂ ಹೆಸರಿಲ್ಲ. ಯಾರದು ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಎಂದು ಮುಬೀನಾಳಿಂದ ಕೇಳಿಸಿದೆ. ಇಟ್ಟ ಜಾಗ ಅವರವರಿಗೆ ಗೊತ್ತಿರುತ್ತದೆ ಎಂದಳು ಲಿಲಿ. ಹೆಸರು ಹಾಕುವ ಯಂತ್ರ ಮಾಡುವವರು, ತಮ್ಮ ಪಾತ್ರೆಗೇ ಹೆಸರಿಲ್ಲ. ನನಗೆ ಯಾಕೋ ಆ ಗೂಡಿನ ಕಡೆ ಮತ್ತೆ ನೋಡಲಾಗಲಿಲ್ಲ.

ಯಂತ್ರ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಒಂದು ಮೇಜು, ಪಕ್ಕದಲ್ಲಿ ಕಂಪ್ಯೂಟರು, ಮೇಲೆ ಕಂಬಕ್ಕೆ ಸಿಕ್ಕಿಸಿದ ಕಪ್ಪು ಪೆಟ್ಟಿಗೆ. ಅದರ ಬಾಯಿಗೆ ಗಾಜು. ಕಣ್ಣಿಗೆ ಹಸಿರು ಕನ್ನಡಕ ಹಾಕಿಸಿದರು. ಕನ್ನಡ ಅಕ್ಷರ ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ. ಮುಬೀನಾ ಊರಿನಲ್ಲೇ ಹೆಸರುಗಳನ್ನು ಚಿತ್ರದ ಹಾಗೆ ಬರೆದು ತಂದಿದ್ದಳು. ಮೊದಲ ಹೆಸರು ತಮ್ಮ ಹೆಂಡತಿಯದಿರಲಿ ಎಂದು ಮಹದೇವಪ್ಪನವರು ಕೇಳಿಕೊಂಡರು. ನನ್ನ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಚಿರ್ ಎಂದು ಒಂದು ಸದ್ದು, ತುಸು ಹೊಗೆ. ಅಷ್ಟರಲ್ಲಿ ಪುಟ್ಟತಾಯಮ್ಮ ಎಂದು ಕಪ್ಪಗೆ, ಕಾಡಿಗೆಯಲ್ಲಿ ಬರೆದಂತೆ ಮೂಡಿತ್ತು. ನಾನು ಮೂರು ಎಣಿಸಿರಲಿಲ್ಲ.

ನನಗೆ ಸಂತೋಷವಾಯಿತು, ನಿಜ ಹೇಳುತ್ತೇನೆ. ಮುಬೀನಾಳ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. ಆದರೆ ಐವತ್ತೈದು ವರ್ಷ ಬೆನ್ನು ಬಗ್ಗಿಸಿ ಮಾಡಿದ್ದು ಇಷ್ಟೇ ಹೊತ್ತಿನ ಕೆಲಸವೇ?

ನಾನು ಇದೇ ಕಸುಬಿನವನೆಂದು ಲಿಲಿಗೆ ತಿಳಿಯಿತು. ಅಲ್ಲಿಯ ಇಂಜಿನಿಯರ್, ಮಾತು ಕಡಿಮೆಯ ಮನುಷ್ಯ, ಒಂದು ಸ್ಟೀಲ್ ತುಂಡನ್ನೂ ಕರೆಂಟಿನ ಪೆನ್ನನ್ನೂ ತಂದು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ಅಲ್ಲಿ ಏನನ್ನೇ ಕೊಟ್ಟರೂ ಎರಡು ಕೈಯಲ್ಲಿ ಕೊಡುತ್ತಾರೆ. ಕೈಯಲ್ಲಿ ಬರೆದು ತೋರಿಸಿ ಎಂದು ಕೇಳಿಕೊಂಡರು. ಕೆಲಸದವರು ಸುತ್ತ ಬಂದು ನಿಂತರು.

ನಾನು ಪೆನ್ನು ಹಿಡಿದೆ. ತುದಿ ಲೋಹಕ್ಕೆ ತಾಗುವ ಮೊದಲೇ ಟಕಟಕ ಕುಣಿಯತೊಡಗಿತು. ಕರೆಂಟು ಇನ್ನೂ ಹಾಕಿರಲಿಲ್ಲ.

ಮುಬೀನಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ತಾನೇ ಕೂತು, ಎರಡೂವರೆ ನಿಮಿಷದಲ್ಲಿ ಅದೇ ಹೆಸರು ಬರೆದಳು. ನನ್ನದೇ ಅಕ್ಷರ, ಅದೇ ಒತ್ತು, ಅದೇ ತಿರುವು. ಚೀನಾದವರು ಚಪ್ಪಾಳೆ ತಟ್ಟಿದರು. ಮಹದೇವಪ್ಪನವರು ಮಾತ್ರ ತಟ್ಟಲಿಲ್ಲ.

"ಅಲ್ಲ ಕಣಮ್ಮಿ," ಎಂದರು ಮೆಲ್ಲಗೆ, "ಓದ್ ಯುಗಾದೀಲಿ ನಮ್ ಅಂಗ್ಡಿ ಪಾತ್ರೆಗೆ ಎಸ್ರು ಆಕಿದ್ದು?"

"ನಾನೇ ತಾತ."

"ಅದ್ರಿಂದೀಚಿನ್ವು?"

"ಎಲ್ಲಾ ನಾನೇ."

ಒಂದು ವರ್ಷದಿಂದ ನನ್ನ ಕೈ ನಡುಗುತ್ತಿತ್ತು. ರಫೀಕನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅಂಗಡಿ ಅಂದೇ ಮುಚ್ಚುತ್ತಿದ್ದ. ಕಣ್ಣು ನೋಯುತ್ತಿದೆ ಎಂದು ಗಿರಾಕಿಗಳಿಗೆ ಸುಳ್ಳು ಹೇಳಿ ಪಾತ್ರೆಗಳನ್ನು ಮನೆಗೆ ಒಯ್ಯುತ್ತಿದ್ದೆ. ರಫೀಕ್ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಒಳಕೋಣೆಯಲ್ಲಿ ಮುಬೀನಾ ಬರೆಯುತ್ತಿದ್ದಳು. ಹೆಸರು ನನಗೆ, ಬೆನ್ನುನೋವು ಅವಳಿಗೆ.

ಮಹದೇವಪ್ಪನವರು ಆ ಸ್ಟೀಲ್ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಅದ್ಕೇ ಈಚೀಚೆಗೆ ಅಕ್ಸರ ದುಂಡುಗಿದ್ವು" ಎಂದರು.

ಹೋಟೆಲಿನಲ್ಲಿ

ಸಂಜೆಯ ನಮಾಜು ಮುಗಿಸಿ ತಟ್ಟೆಯ ಹೆಸರಿನ ಅರ್ಧದ ಮೇಲೆ ಉಪ್ಪು ಬೆರೆಸಿದ ಹುಣಸೆಹಣ್ಣು ಮೆತ್ತಿಟ್ಟೆ. ಪುಟ್ಟ ಎಂಬುದು ಹುಳಿಯ ಕೆಳಗೆ, ತಾಯಮ್ಮ ಎಂಬುದು ಹೊರಗೆ. ಉಜ್ಜಲು ಬೂದಿ ಇಲ್ಲವಲ್ಲ ಎಂದು ಪೇಚಾಡುವುದನ್ನು ಕಂಡು ಮಹದೇವಪ್ಪನವರು ತಮ್ಮ ವಿಭೂತಿ ಡಬ್ಬಿಯನ್ನೇ ಮುಂದಿಟ್ಟರು. ಇದೂ ಬೂದಿಯೇ ಅಲ್ಲವೇ, ಶಿವ ಏನೂ ಅಂದುಕೊಳ್ಳುವುದಿಲ್ಲ ಎಂದರು. ನಾನು ಮುಟ್ಟಲಿಲ್ಲ. ಹಣೆಗೆ ಹಚ್ಚುವುದನ್ನು ಪಾತ್ರೆಗೆ ಉಜ್ಜುವುದು ಹೇಗೆ? ಹೋಟೆಲಿನ ಬಾಗಿಲಲ್ಲಿದ್ದ ಹೂಕುಂಡದಿಂದ ಒಂದು ಹಿಡಿ ಮಣ್ಣು ತಂದುಕೊಂಡೆ.

ಬೆಳಗಿನ ನಮಾಜಿನ ಹೊತ್ತಿಗೆ ಎದ್ದು ತೊಳೆದೆ. ಹುಳಿ ಕೂತಿದ್ದ ಜಾಗ ಕಂದಿತ್ತು. ಮಣ್ಣು ಹಾಕಿ ನಾರಿನಿಂದ ಉಜ್ಜಿದೆ, ನಮ್ಮ ಹೆಂಗಸರು ಉಜ್ಜುವಷ್ಟೇ. ಬೆಳಕಿಗೆ ಹಿಡಿದೆ. ಪುಟ್ಟ ಇರಲಿಲ್ಲ. ಉಗುರು ಎಳೆದು ನೋಡಿದೆ, ಗೀರು ಕೂಡ ತಾಗಲಿಲ್ಲ. ಆ ಯಂತ್ರ ಕೊರೆದೇ ಇರಲಿಲ್ಲ. ಲೋಹದ ಮೈಯನ್ನು ಸುಟ್ಟು ಕಪ್ಪು ಮಾಡಿತ್ತು, ಅಷ್ಟೆ.

ಮಹದೇವಪ್ಪನವರು ಸ್ನಾನಕ್ಕೆ ಹೋಗಿದ್ದರು. ಮುಬೀನಾ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ನಾನೊಬ್ಬನೇ. ನನಗೆ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಉಳಿದರ್ಧವನ್ನೂ ಉಜ್ಜಿ ಅಳಿಸಿ, ತಟ್ಟೆಯನ್ನು ಈ ಕೋಣೆಯ ಮಂಚದ ಕೆಳಗೆ ತಳ್ಳಿ ಹೋದರೆ ಯಾರು ಕೇಳುತ್ತಾರೆ? ಮೆಷಿನ್ ಒಳ್ಳೆಯದು ಎಂದು ನಾನು ಒಂದು ಮಾತು ಅಂದರೆ ಅಂಗಡಿ ಅವಳದಾಗುತ್ತದೆ. ರಾತ್ರಿಯಿಡೀ ಹುಳಿಯಲ್ಲಿ ನೆನೆಯದೆ, ದಿನದಿನದ ತೊಳೆತದಲ್ಲಿ ಅಳಿಸಿಹೋಗಲು ವರ್ಷ ಎರಡು ವರ್ಷ ಬೇಕು. ಅಷ್ಟರಲ್ಲಿ ಅವಳು ಊರಿ ನಿಂತಿರುತ್ತಾಳೆ. ನಾರು ಕೈಯಲ್ಲೇ ಇತ್ತು. ತಾ ಎಂಬ ಅಕ್ಷರವನ್ನು ಅರ್ಧ ಉಜ್ಜಿಯೂ ಬಿಟ್ಟಿದ್ದೆ.

ಆಗ ಹಿಂದೊಮ್ಮೆ ಅಂಗಡಿಗೆ ಬಂದಿದ್ದ ಒಬ್ಬ ಹೆಂಗಸು ಕಣ್ಣ ಮುಂದೆ ನಿಂತಳು. ಬೇರೆ ಯಾರೋ ತೆಳ್ಳಗೆ ಕೊರೆದುಕೊಟ್ಟ ಚೆಂಬು ಅವಳದು. ತಾಯಿಯ ಹೆಸರು ಸವೆದುಹೋಗಿ, ಪಾಲಿನಲ್ಲಿ ಓರಗಿತ್ತಿ ಅದನ್ನು ತನ್ನದೆಂದು ಹಿಡಿದುಕೊಂಡಿದ್ದಳು. ಇಲ್ಲಿ ಹೆಸರಿತ್ತು, ನೋಡಿ ಇಲ್ಲಿತ್ತು ಎಂದು ಆಕೆ ಬರಿಯ ಲೋಹವನ್ನು ಬೆರಳಿಂದ ತೋರಿಸುತ್ತಿದ್ದಳು. ಅಂಥವರು ನಾಳೆ ಬಂದು ನಿಲ್ಲುವುದು ನನ್ನ ಮುಂದಲ್ಲ, ಮುಬೀನಾಳ ಮುಂದೆ. ಆಗ ನಾನು ಇರುತ್ತೇನೋ ಇಲ್ಲವೋ.

ಬಾಗಿಲು ತಟ್ಟಿ ತಟ್ಟೆಯನ್ನು ಅವಳ ಕೈಗೆ ಕೊಟ್ಟೆ. ಅವಳು ನೋಡಿದಳು, ಉಗುರು ಎಳೆದಳು, ಬಾಗಿಲು ಹಾಕಿಕೊಂಡಳು. ಒಳಗೆ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಮಹದೇವಪ್ಪನವರಿಗೆ ತೋರಿಸಿದಾಗ ಅವರ ಮುಖ ಬಿಳಿಚಿತು. ಬದುಕಿರುವ ಹೆಂಡತಿಯ ಹೆಸರು. ಅವತ್ತು ಅವರು ಎರಡು ಸಲ ಗುಂಡ್ಲುಪೇಟೆಗೆ ಫೋನು ಮಾಡಿ ಆಕೆ ಚೆನ್ನಾಗಿದ್ದಾರೆಯೇ ಎಂದು ವಿಚಾರಿಸಿದರು.

ಎರಡನೆಯ ದಿನ

ಮುಬೀನಾ ತಟ್ಟೆಯನ್ನು ಇಂಜಿನಿಯರನ ಮುಂದಿಟ್ಟಳು, ಎರಡೂ ಕೈಯಲ್ಲಿ. ಅವನು ತಟ್ಟೆ ನೋಡಿದ, ಚೀಲದಲ್ಲಿ ಉಳಿದಿದ್ದ ಹುಣಸೆಹಣ್ಣು ನೋಡಿದ, ಚೂರು ನಾಲಗೆಗೂ ಇಟ್ಟುಕೊಂಡ. ಲಿಲಿ ಕ್ಷಮೆ ಕೇಳಲು ಹೋದಳು, ಅವನು ಕೈ ಅಡ್ಡ ಮಾಡಿ ಅವಳನ್ನು ತಡೆದ. ಆಮೇಲೆ ಮುಬೀನಾಳೂ ಅವನೂ ಕಂಪ್ಯೂಟರಿನ ಮುಂದೆ ಕೂತು ಕಾಗದದ ಮೇಲೆ ಅಂಕಿಗಳನ್ನು ಬರೆಯುತ್ತ ಮಾತಾಡಿದರು. ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಬೆಳಕು ಹಾಯಿಸಿದರೆ ಲೋಹ ನಿಜವಾಗಿ ಕೊರೆಯುತ್ತದಂತೆ. ಬಂದವರಿಗೆ ತೋರಿಸುವಾಗ ಬೇಗ ಆಗಲೆಂದು ಕಪ್ಪು ಮಾಡಿ ತೋರಿಸುತ್ತಾರೆ.

ತಟ್ಟೆಯ ಇನ್ನೊಂದು ಬದಿಯಲ್ಲಿ ಹೊಸದಾಗಿ ಬರೆಸಿದಳು. ಈ ಸಲ ಕಿಡಿ ಹಾರಿತು, ಸದ್ದು ಕರ್ಕಶವಾಗಿತ್ತು. ಅವಳು ಕೈಗಡಿಯಾರ ನೋಡುತ್ತಿದ್ದಳು. ಮುಗಿದ ಮೇಲೆ ನಾನು ಉಗುರು ಎಳೆದೆ. ಉಗುರು ನಿಂತಿತು.

ಹುಣಸೆಹಣ್ಣು ಮೆತ್ತಿ ಕಾದೆವು. ಮಧ್ಯಾಹ್ನ ಊಟವಾದದ್ದೇ ತಡ, ಯಾರೋ ದೀಪಗಳನ್ನೆಲ್ಲ ಆರಿಸಿದರು. ಲಿಲಿ, ಇಂಜಿನಿಯರ್, ಕೆಲಸದವರು ಎಲ್ಲರೂ ಇದ್ದಲ್ಲೇ ಮೇಜಿಗೆ ತಲೆಯಿಟ್ಟು ನಿದ್ದೆ ಹೋದರು. ಅದು ಅಲ್ಲಿಯ ಪದ್ಧತಿ. ಅಷ್ಟು ದೊಡ್ಡ ಕಾರ್ಖಾನೆ ಸತ್ತಂತೆ ಬಿದ್ದಿತ್ತು. ಕತ್ತಲಲ್ಲಿ ನಾವು ಮೂವರು, ನಡುವೆ ಆ ತಟ್ಟೆ, ಹೊರಗೆ ಮಳೆ. ಜನಾಜಾ ಇಟ್ಟ ಸಾವಿನ ಮನೆಯಲ್ಲಿ ಕೂತ ಹಾಗಿತ್ತು. ಸಂಜೆ ಬೆಳಕು ಇಳಿಯುವ ಹೊತ್ತಿಗೆ ತೊಳೆದು, ಮಣ್ಣು ಹಾಕಿ, ತೋಳು ಸೋಲುವ ತನಕ ಉಜ್ಜಿದೆ. ಪುಟ್ಟತಾಯಮ್ಮ ಪೂರ್ತಿ ಉಳಿದಿದ್ದರು. ಮಹದೇವಪ್ಪನವರು ತಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡರು.

ಆದರೆ ಮುಬೀನಾಳ ಮುಖ ಅರಳಲಿಲ್ಲ. ಕಾಗದದಲ್ಲಿ ಬರೆದಿಟ್ಟದ್ದನ್ನು ತೋರಿಸಿದಳು. ಒಂದು ಹೆಸರಿಗೆ ಎರಡೂವರೆ ನಿಮಿಷ.

"ಹೇಳಿ ದಾದಾ" ಎಂದಳು. "ಹೆಂಗದೆ ಮೆಷಿನ್ನು?"

ಸುಳ್ಳು ಹೇಳುವ ಹಂತ ಬೆಳಗ್ಗೆಯೇ ದಾಟಿತ್ತು. "ಗಟ್ಟಿ ಬರೀತದೆ. ಆದ್ರೆ ನಿಧಾನ ಕಣಮ್ಮ. ನಾನು ಬರೀತಿದ್ದಷ್ಟೇ ನಿಧಾನ. ಅದ್ಕಿಂತ ಒಂದು ಚೂರೂ ಹೆಚ್ಚಿಲ್ಲ."

ಇಷ್ಟು ದೂರ ಬಂದು ನಾನೇ ಅವಳ ಬಾಗಿಲು ಮುಚ್ಚಿದೆ ಅಂದುಕೊಂಡೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು.

"ಆ ನಿಧಾನದಲ್ಲೇ ಅಲ್ವಾ ದಾದಾ, ನೀವು ಐವತ್ತೈದು ವರ್ಷ ನಮ್ಮನೆಲ್ಲಾ ಸಾಕಿದ್ದು."

ನನಗೆ ಅಳು ಬಂತು. ಲಿಲಿ ಓಡಿ ಹೋಗಿ ಒಂದು ಲೋಟ ಬಿಸಿನೀರು ತಂದುಕೊಟ್ಟಳು.

ಮತ್ತೆ ಚಾಮರಾಜನಗರ

ಮೈಸೂರಿನಲ್ಲಿ ಮಹದೇವಪ್ಪನವರು ಗುಂಡ್ಲುಪೇಟೆಯ ಬಸ್ಸು ಹತ್ತಿದರು. ಹೆಂಡತಿಯನ್ನು ಕರೆದುಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬರುತ್ತಾರಂತೆ, ಶಿವನ ಜೊತೆ ಅವನೂ ಒಂದು ಕಣ್ಣು ಇಡಲಿ ಎಂದು. ನಾವಿಬ್ಬರು ರೈಲಿನಲ್ಲಿ ಬಂದೆವು. ರಫೀಕ್ ಸ್ಟೇಷನ್ನಿಗೆ ಬಂದಿದ್ದ. ನಮ್ಮ ಮನೆಮಾತು ಉರ್ದು, ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ಏನಾಯ್ತು ಅಬ್ಬಾ? ಮೆಷಿನ್ ಹೇಗಿದೆ?"

"ಗಟ್ಟಿ ಬರೆಯುತ್ತೆ. ನನಗಿಂತ ಚುರುಕೇನಲ್ಲ."

"ಹಾಗಾದ್ರೆ ಅದು ಯಾಕೆ? ನೀವಿದ್ದೀರಲ್ಲ."

ನಾನು ಚೀಲವನ್ನು ಕೆಳಗಿಟ್ಟು ಬಲಗೈಯನ್ನು ಅವನ ಮುಂದೆ ಚಾಚಿ ಹಿಡಿದೆ. ಹೇಳುವ ಧೈರ್ಯ ಇರಲಿಲ್ಲ, ತೋರಿಸಿದೆ. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ಆಡುತ್ತಿತ್ತು. ಅವನು ನೋಡಿದ. ನನ್ನ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು ನಿಲ್ಲಿಸಲು ನೋಡಿದ. ಅವನ ಮುಷ್ಟಿಯೊಳಗೂ ಅದು ನಡುಗಿತು.

"ಯಾವಾಗಿನಿಂದ?"

"ಒಂದು ವರ್ಷ."

"ಮತ್ತೆ ಇಷ್ಟು ದಿನ ಬರೆದದ್ದು?"

ನಾನು ಮುಬೀನಾಳ ಕಡೆ ನೋಡಿದೆ. ಅವನೂ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಅವನು ಎರಡು ಚೀಲವನ್ನೂ ಎತ್ತಿಕೊಂಡು ಮುಂದೆ ನಡೆದ. ಆಟೋದವನಿಗೆ ಮನೆಯ ದಾರಿ ಹೇಳಲಿಲ್ಲ, ಬಜಾರು ಅಂದ.

ಅಂಗಡಿಯ ಷಟರ್ ಎತ್ತಿದ. ಒಳಗೆ ಕತ್ತಲು, ಲೋಹದ ಧೂಳು. ಹೊಸ್ತಿಲಲ್ಲಿ ನಿಂತು ಕೇಳಿದ, "ಅದಕ್ಕೆ ಎಷ್ಟು ಜಾಗ ಬೇಕು? ಕರೆಂಟು ಯಾವ ಕಡೆಯಿಂದ ಎಳೆಸಬೇಕು?"

ಬಾಯಿ ತೆರೆದವನು ಮುಚ್ಚಿದೆ. ಅವನು ನನ್ನನ್ನು ಕೇಳಿರಲಿಲ್ಲ. ಐವತ್ತೈದು ವರ್ಷದಲ್ಲಿ ಆ ಅಂಗಡಿಯ ವಿಷಯವನ್ನು ನನ್ನೆದುರಿಗೇ ಬೇರೊಬ್ಬರಲ್ಲಿ ಕೇಳಿದ್ದು ಅದೇ ಮೊದಲು. ಮುಬೀನಾ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗೋಡೆಯಿಂದ ಗೋಡೆಗೆ ಗೇಣು ಹಾಕಿ ಅಳೆಯತೊಡಗಿದಳು. ನಡುವೆ ನನ್ನ ಸ್ಟೂಲು ಅಡ್ಡ ಬಂತು. ಅವಳು ಅದನ್ನು ಮುಟ್ಟಲು ಹಿಂಜರಿದು ನನ್ನ ಮುಖ ನೋಡಿದಳು.

ನಾನೇ ಹೋಗಿ ಅದನ್ನು ಎತ್ತಿ ಹೊರಗೆ ತಂದು ಇಟ್ಟೆ.